ದೊಡ್ಡ ಟ್ರೇಲರ್ ಎಳೆಯೋಕೆ ಯಾವ ಎಂಜಿನ್? ಮೊದಲು ಟ್ರಕ್ಕಿನ ಬಾಗಿಲು ತೆಗೆದು ನೋಡಿ

ಪ್ರಶ್ನೆ: ಸರ್, ನಾವು ಕೊಲರಾಡೋದಲ್ಲಿ, ಡೆನ್ವರ್ ಹತ್ತಿರ ಇದ್ದೇವೆ. ನಾನು, ಹೆಂಡತಿ, 12 ಮತ್ತು 8 ವರ್ಷದ ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ಬಂದು ಮೂರ್ನಾಲ್ಕು ತಿಂಗಳು ಇರುತ್ತಾರೆ. ಎಲ್ಲರೂ ಸೇರಿ ಯೆಲ್ಲೋಸ್ಟೋನ್, ಮೋಆಬ್ ಕಡೆ ಸುತ್ತೋಣ ಅಂತ 31 ಅಡಿಯ ಒಂದು ಟ್ರಾವೆಲ್ ಟ್ರೇಲರ್ (ಹಿಂದೆ ಕಟ್ಟಿ ಎಳೆಯುವ ಗಾಡಿಮನೆ) ನೋಡಿದ್ದೇವೆ. ಖಾಲಿ ತೂಕ 7,200 ಪೌಂಡ್, ತುಂಬಿದರೆ ಗರಿಷ್ಠ 9,000 ಪೌಂಡ್. ಅದನ್ನು ಎಳೆಯೋಕೆ ಪಿಕಪ್ ಟ್ರಕ್ ಬೇಕು. ಮನಸ್ಸಿನಲ್ಲಿ ಇರೋದು ಫೋರ್ಡ್ ಎಫ್-150. ಒಬ್ಬ ಗೆಳೆಯ 5.0 ಲೀಟರಿನ ವಿ8 (ಎಂಟು ಸಿಲಿಂಡರ್) ತಗೋ, ಆ 3.5 ಲೀಟರಿನ ಟರ್ಬೊ ಭಾರ ಎಳೆದರೆ ಬೇಗ ಸಾಯುತ್ತೆ ಅಂತಾನೆ. ಇನ್ನೊಬ್ಬ ಡೀಸೆಲ್ ಬಿಟ್ಟು ಬೇರೆ ಮಾತೇ ಬೇಡ ಅಂತಾನೆ. ಶೋರೂಮಿನವರು 3.5 ಟರ್ಬೊ 13,500 ಪೌಂಡ್ ಎಳೆಯುತ್ತೆ, ಕಣ್ಣುಮುಚ್ಚಿ ತಗೊಳ್ಳಿ ಅಂತಾರೆ. ವರ್ಷಕ್ಕೆ ಆರೇಳು ಟ್ರಿಪ್ ಆಗಬಹುದು. ಉಳಿದ ದಿನ ಮಕ್ಕಳ ಸ್ಕೂಲು, ಆಫೀಸು, ಎಲ್ಲಾ ನಾಲ್ಕೈದು ಮೈಲಿ ಒಳಗೇ. ಯಾವ ಎಂಜಿನ್ ಸರಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಯಿತು. ಮನೆಮಂದಿಯೆಲ್ಲಾ ಗಾಡಿಯಲ್ಲಿ ಇರುವಾಗ, ಘಾಟಿಯ ಮಧ್ಯೆ, ಹಿಂದೆ ಲಾರಿಗಳ ಸಾಲು ನಿಂತಿರುವಾಗ ಎಂಜಿನ್ ಕೈಕೊಟ್ಟರೆ ಏನು ಗತಿ ಅಂತ. ಈ ಭಯ ಇಟ್ಟುಕೊಂಡು ನನ್ನ ಹತ್ತಿರ ಬಂದವರು ಬಹಳ ಜನ. ಆದರೆ ಅವರಲ್ಲಿ ಎಂಜಿನ್ ನಿಜವಾಗಿ ಕೈಕೊಟ್ಟವರು ಕಡಿಮೆ. ತೊಂದರೆ ಬೇರೆ ಕಡೆ ಇರುತ್ತದೆ. ಎಂಜಿನ್ ಮಾತಿಗೆ ಖಂಡಿತ ಬರುತ್ತೇನೆ, ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ.

ನೀವು ನೋಡಿರುವ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲು ಬಂದು ಕೂರುವ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಟೈರಿನ ಗಾಳಿ ಎಷ್ಟಿರಬೇಕು ಅನ್ನೋದರ ಮೇಲೆ ಒಂದು ಸಾಲು ಇರುತ್ತದೆ: ಒಳಗೆ ಕೂರುವ ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ಮೀರಬಾರದು. ಇದೇ ಪೇಲೋಡ್. ಇದು ಆ ಮಾಡೆಲ್‌ಗೆ ಬರೆದದ್ದಲ್ಲ, ಆ ಒಂದು ಗಾಡಿಗೆ ಬರೆದದ್ದು. ಪಕ್ಕದಲ್ಲಿ ನಿಂತಿರುವ ಅದೇ ಬಣ್ಣದ ಗಾಡಿಯಲ್ಲಿ ಬೇರೆ ಅಂಕಿ ಇರಬಹುದು. ಸನ್‌ರೂಫ್, ಚರ್ಮದ ಸೀಟು, ದೊಡ್ಡ ಚಕ್ರ, ಫೋರ್ ವೀಲ್ ಡ್ರೈವ್, ಹೀಗೆ ಒಂದೊಂದು ಸೌಕರ್ಯ ಸೇರಿದಾಗಲೂ ಈ ಅಂಕಿ ಇಳಿಯುತ್ತದೆ. ಚೆನ್ನಾಗಿ ಸಿಂಗಾರ ಮಾಡಿದ ನಾಲ್ಕು ಬಾಗಿಲಿನ ಎಫ್-150 ಅಂದರೆ 1,400ರಿಂದ 1,700 ಪೌಂಡ್ ಒಳಗೆ ಕಾಣೋದೇ ಜಾಸ್ತಿ.

ಈಗ ಲೆಕ್ಕ ಹಾಕೋಣ. ನಿಮ್ಮ ತರಹದ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಟ್ರಕ್ಕಿನ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಕೂರಬೇಕು. ಊರಲ್ಲಿ ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಅಪ್ಪನನ್ನು ಕೇಳಿ. ಹಿಂಭಾರ ಆದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೆ ಏಳುತ್ತದೆ, ಮುಂಭಾರ ಆದರೆ ಎತ್ತಿನ ಕುತ್ತಿಗೆ ಕುಸಿಯುತ್ತದೆ. ಟ್ರೇಲರ್‌ದೂ ಅದೇ ಕತೆ. ಮುಂದೆ ಭಾರ ಕಡಿಮೆ ಆದರೆ 60 ಮೈಲಿ ವೇಗದಲ್ಲಿ ಬಾಲ ಆಡಿಸೋಕೆ ಶುರು ಮಾಡುತ್ತದೆ. ಒಮ್ಮೆ ಜೋರಾಗಿ ಆಡಿತೋ, ಟ್ರಕ್ಕನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮುಂದೆ ಭಾರ ಇರಲೇಬೇಕು, ಆ ಭಾರವನ್ನು ಟ್ರಕ್ ಹೊರಲೇಬೇಕು.

ನಿಮ್ಮ ಟ್ರೇಲರ್ ಹೊರಡುವ ದಿನ 7,200 ಇರೋದಿಲ್ಲ. ಅದು ಫ್ಯಾಕ್ಟರಿಯ ಖಾಲಿ ತೂಕ. ಬ್ಯಾಟರಿ, ಗ್ಯಾಸ್ ಸಿಲಿಂಡರ್ ಅದರಲ್ಲಿ ಸೇರಿರದೇ ಇರಬಹುದು, ಅವೆರಡೂ ಕೂರೋದು ಹಿಚ್ ಪಕ್ಕದಲ್ಲೇ. 50 ಗ್ಯಾಲನ್ ನೀರು ತುಂಬಿದರೆ 415 ಪೌಂಡ್. ಪಾತ್ರೆ, ಕುಕ್ಕರ್, ಹಾಸಿಗೆ, ಅಕ್ಕಿ ಬೇಳೆ, ಮಕ್ಕಳ ಸೈಕಲ್ಲು ಎಲ್ಲಾ ಸೇರಿ 8,600 ಅಂದುಕೊಳ್ಳೋಣ. 13 ಭಾಗ ಹಿಡಿದರೆ ಹಿಚ್ ಮೇಲೆ ಸುಮಾರು 1,100. ಹಿಚ್ ಸಾಮಾನೇ 100. ನೀವು ಆರು ಜನ ಸುಮಾರು 750. ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಕುರ್ಚಿ, ಐಸ್ ಪೆಟ್ಟಿಗೆ, ಸೌದೆ ಅಂತ 200. ಕೂಡಿಸಿದರೆ 2,150 ಪೌಂಡ್.

ಚೀಟಿಯಲ್ಲಿ 1,600 ಇದ್ದರೆ 550 ಪೌಂಡ್ ಹೆಚ್ಚಾಯಿತು. ಅಪ್ಪ ಅಮ್ಮನನ್ನು ಮನೆಯಲ್ಲಿ ಬಿಟ್ಟು ಹೋದರೂ ಹೆಚ್ಚೇ. ಇದರಲ್ಲಿ ಎಂಜಿನ್ ಮಾತೇ ಬರಲಿಲ್ಲ ಅಲ್ವಾ?

ಹಾಗಾದರೆ ಶೋರೂಮಿನವರು ಹೇಳಿದ 13,500 ಸುಳ್ಳಾ? ಸುಳ್ಳಲ್ಲ. ಅಮೆರಿಕದಲ್ಲಿ ಈ ಅಂಕಿಗೆ ಎಸ್‌ಎಇ ಜೆ2807 ಅನ್ನುವ ಪರೀಕ್ಷೆಯಿದೆ (ಎಸ್‌ಎಇ ಅಂದರೆ ವಾಹನ ಎಂಜಿನಿಯರುಗಳ ಸಂಘ). ಅದಕ್ಕೆ ಮಾದರಿಯಾಗಿ ಇಟ್ಟುಕೊಂಡಿರೋದು ಅರಿಜೋನಾದ ಡೇವಿಸ್ ಡ್ಯಾಮ್ ಏರು. 11.4 ಮೈಲಿ ಉದ್ದ, ಬೇಸಿಗೆಯ ಸುಡು ಬಿಸಿಲು, ಎಸಿ ಪೂರ್ತಿ ಓಡುತ್ತಿರಬೇಕು, ವೇಗ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಗಟ್ಟಿ ಪರೀಕ್ಷೆಯೇ. ಆದರೆ ಅದರಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯೋದು 150 ಪೌಂಡಿನ ಇಬ್ಬರನ್ನು ಮಾತ್ರ. ಮಕ್ಕಳಿಲ್ಲ, ಅಜ್ಜಿ ತಾತ ಇಲ್ಲ, ಉಪ್ಪಿನಕಾಯಿ ಭರಣಿ ಇಲ್ಲ. ಎಳೆಯುವ ತಾಕತ್ತಿನ ಅಂಕಿ ಅದು, ಹೊರುವ ತಾಕತ್ತಿನದ್ದಲ್ಲ.

ಒಂದು ಸಲ ಒಬ್ಬರು ವರ್ಕ್‌ಶಾಪಿಗೆ ಟ್ರೇಲರ್ ಸಮೇತ ಬಂದರು. ದೂರು ಏನು? ಎಂಜಿನ್‌ಗೆ ಪಿಕಪ್ ಇಲ್ಲ, ಗೇರ್‌ಬಾಕ್ಸ್ ಬಿಸಿ ಆಗುತ್ತೆ. ಗಾಡಿ ಅಂಗಳಕ್ಕೆ ತಿರುಗುವಾಗಲೇ ಗೊತ್ತಾಯಿತು. ಹಿಂಭಾಗ ಕುಕ್ಕರುಗಾಲಲ್ಲಿ ಕೂತಿದೆ, ಮೂತಿ ಆಕಾಶ ನೋಡುತ್ತಿದೆ. ರಾತ್ರಿ ಎದುರಿನವರು ಸುಮ್ನೆ ಲೈಟ್ ಹೊಡೀತಾರೆ ಸರ್, ನಾನು ಡಿಮ್ ಮಾಡಿದ್ರೂ ಬಿಡಲ್ಲ ಅಂತ ಅವರೇ ಹೇಳಿದರು. ಅವರ ಹೆಡ್‌ಲೈಟ್ ಮರದ ತುದಿಗೆ ಬೀಳುತ್ತಿತ್ತು! ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಕಳಿಸಿದೆ. ವಾಪಸ್ ತಂದ ಚೀಟಿಯಲ್ಲಿ ಹಿಂದಿನ ಆಕ್ಸಲ್ ಮಿತಿಗಿಂತ 400 ಪೌಂಡ್ ಹೆಚ್ಚು, ಮುಂದಿನ ಚಕ್ರಗಳ ಮೇಲೆ ಇರಬೇಕಾದ ಭಾರವೇ ಇಲ್ಲ. ಅಂದರೆ ಸ್ಟೀರಿಂಗ್ ಮಾಡುವ ಚಕ್ರ ಸರಿಯಾಗಿ ನೆಲ ಹಿಡಿದಿಲ್ಲ. ಎಂಜಿನ್ ಮಾತ್ರ ಗುಂಡುಕಲ್ಲಿನ ಹಾಗೆ ಇತ್ತು.

ಇದಕ್ಕೆ ಕೆಲವರು ಹಿಂದೆ ಗಾಳಿಚೀಲ ಅಥವಾ ದಪ್ಪ ಸ್ಪ್ರಿಂಗ್ ಹಾಕಿಸಿಕೊಳ್ಳುತ್ತಾರೆ. ಗಾಡಿ ನೆಟ್ಟಗೆ ನಿಲ್ಲುತ್ತದೆ, ನೋಡೋಕೆ ಚೆನ್ನ. ಬಾಗಿಲ ಚೀಟಿಯ ಅಂಕಿ ಒಂದು ಪೌಂಡೂ ಬದಲಾಗೋದಿಲ್ಲ. ಆಕ್ಸಲ್ಲು, ಟೈರು, ಬ್ರೇಕು ಹಳೇದೇ ತಾನೇ? ಭಾರ ಹಂಚುವ ಹಿಚ್ ಮಾತ್ರ ಬೇಕೇ ಬೇಕು. ಅದು ಸ್ವಲ್ಪ ಭಾರವನ್ನು ಮುಂದಿನ ಚಕ್ರಕ್ಕೂ ಸ್ವಲ್ಪವನ್ನು ಟ್ರೇಲರ್ ಚಕ್ರಕ್ಕೂ ತಳ್ಳುತ್ತದೆ. ಆದರೆ ಅದೂ ಪವಾಡ ಮಾಡೋದಿಲ್ಲ.

ಈಗ ಎಂಜಿನ್‌ಗೆ ಬರೋಣ. ನೀವು ಇರೋದು ಕೊಲರಾಡೋದಲ್ಲಿ, ಹಾಗಾಗಿ ಬಯಲುಸೀಮೆಯ ಟೆಕ್ಸಸ್‌ನವರಿಗೆ ಹೇಳುವ ಮಾತು ನಿಮಗೆ ಹೊಂದೋದಿಲ್ಲ.

ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ, ಹೋಲಿಸಿ ನೋಡಿ. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ನೂರಕ್ಕೆ ಸುಮಾರು 3 ಭಾಗ ಶಕ್ತಿ ಕಳೆದುಕೊಳ್ಳುತ್ತದೆ. 5.0 ವಿ8ಗೆ ಕಾಗದದ ಮೇಲೆ 400 ಹಾರ್ಸ್‌ಪವರ್. ಸುರಂಗದ ಬಾಯಲ್ಲಿ ಅದು 270ರ ಹತ್ತಿರ. 3.5 ಟರ್ಬೊಗೂ ಅದೇ 400. ಆದರೆ ಟರ್ಬೊ ತೆಳು ಗಾಳಿಯನ್ನೂ ಒತ್ತಿ ಒಳಗೆ ತುಂಬುವುದರಿಂದ ಬಹುಪಾಲು ಶಕ್ತಿ ಉಳಿಯುತ್ತದೆ.

ಎಷ್ಟು ಶಕ್ತಿ ಬೇಕು? ಟ್ರಕ್ಕು, ಟ್ರೇಲರ್, ನೀವೆಲ್ಲಾ ಸೇರಿ 15,000 ಪೌಂಡ್. 100 ಅಡಿಗೆ 6 ಅಡಿ ಏರುವ ರಸ್ತೆಯಲ್ಲಿ 60 ಮೈಲಿ ವೇಗ ಉಳಿಸಿಕೊಳ್ಳಬೇಕಾದರೆ ಬರೀ ಏರೋದಕ್ಕೇ 144 ಹಾರ್ಸ್‌ಪವರ್ ಬೇಕು. ಗಾಳಿಯ ತಡೆ, ಟೈರಿನ ಉರುಳಾಟಕ್ಕೆ ಇನ್ನೊಂದು 100ರ ಹತ್ತಿರ. ಗೇರ್‌ಬಾಕ್ಸಲ್ಲಿ ಸೋರಿಹೋಗೋದನ್ನೂ ಸೇರಿಸಿದರೆ ಎಂಜಿನ್ 280, 290 ಕೊಡಬೇಕಾಗುತ್ತದೆ. ವಿ8 ಹತ್ತಿರ ಅಷ್ಟು ಉಳಿದಿಲ್ಲ. ಹಾಗಂತ ನಿಂತುಬಿಡೋದಿಲ್ಲ, 50, 55ಕ್ಕೆ ಇಳಿಯುತ್ತದೆ. ಆಗ ಅದು 5,000 ಆರ್‌ಪಿಎಂ ಮೇಲೆ ಕೂಗುತ್ತದೆ. ಒಳಗೆ ಕೂತವರು ಏನೋ ಒಡೆಯುತ್ತೆ ಅಂತ ಹೆದರಿಕೊಳ್ಳುತ್ತಾರೆ. ಏನೂ ಒಡೆಯಲ್ಲ. ಅದನ್ನು ಮಾಡಿರೋದೇ ಹಾಗೆ ಕೂಗೋಕೆ. ಎಣ್ಣೆ, ಕೂಲೆಂಟ್ ಸರಿಯಿದ್ದರೆ ಕೂಗಲಿ ಬಿಡಿ.

ಟಾರ್ಕ್, ಅಂದರೆ ತಿರುಗಿಸುವ ಬಲದ ಬಗ್ಗೆ ನಮ್ಮ ಜನ ಮಾತಾಡೋದು ಜಾಸ್ತಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಬರೋದೇ ಹಾರ್ಸ್‌ಪವರ್. ಏರು ಹತ್ತಿಸೋದು ಕೊನೆಗೆ ಹಾರ್ಸ್‌ಪವರ್ರೇ. ಟಾರ್ಕ್ ಜಾಸ್ತಿ ಇದ್ದರೆ ಅದೇ ಕೆಲಸ ಕಡಿಮೆ ಆರ್‌ಪಿಎಂನಲ್ಲಿ, ಸದ್ದಿಲ್ಲದೆ ಆಗುತ್ತದೆ. 5.0 ವಿ8ಗೆ 410 ಪೌಂಡ್-ಅಡಿ, 3.5 ಟರ್ಬೊಗೆ 500. ಆ 500 ಸುಮಾರು 3,000 ಆರ್‌ಪಿಎಂಗೇ ಕೈಗೆ ಬರುತ್ತದೆ. ಅದಕ್ಕೇ ಅದು ಓಡಿಸೋಕೆ ಹಗುರ ಅನಿಸೋದು.

ಟರ್ಬೊ ಬೇಗ ಸಾಯುತ್ತೆ ಅನ್ನೋ ನಿಮ್ಮ ಗೆಳೆಯರ ಮಾತಿನಲ್ಲಿ ಕಾಲು ಭಾಗ ನಿಜ ಇದೆ. ಟರ್ಬೊ ಎಂಜಿನ್ ಬಿಸಿ ಜಾಸ್ತಿ ಹುಟ್ಟಿಸುತ್ತದೆ, ಭಾಗಗಳೂ ಜಾಸ್ತಿ. 2017ರಿಂದ 2020ರ 3.5ರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಗಡಗಡ ಅನ್ನೋದು ಎಲ್ಲರಿಗೂ ಗೊತ್ತಿರುವ ರೋಗ. ಹಳೇ ಗಾಡಿ ನೋಡುವುದಾದರೆ ರಾತ್ರಿಯೆಲ್ಲಾ ನಿಲ್ಲಿಸಿದ ಗಾಡಿಯನ್ನು ನೀವೇ ಸ್ಟಾರ್ಟ್ ಮಾಡಿ ಕಿವಿಗೊಡಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ನಾಳೆ ಬರ್ತೀನಿ ಅಂತ ಹೇಳಿ ಬನ್ನಿ. ಉಳಿದದ್ದು ಪಾಲನೆ. ಭಾರ ಎಳೆಯುವವರು 5,000 ಮೈಲಿಗೆ ಎಣ್ಣೆ ಬದಲಾಯಿಸಬೇಕು. ದೊಡ್ಡ ಏರು ಹತ್ತಿ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಬೇಕು. ಇನ್ನೊಂದು, ಕೊಲರಾಡೋದ ಬಂಕ್‌ಗಳಲ್ಲಿ ರೆಗ್ಯುಲರ್ ಅಂತ ಕೊಡೋದು 85 ಆಕ್ಟೇನ್ ಪೆಟ್ರೋಲು (ಈ ಅಂಕಿ ಕಡಿಮೆ ಆದಷ್ಟೂ ಪೆಟ್ರೋಲು ಹೊತ್ತಿಗೆ ಮುಂಚೆಯೇ ತಾನಾಗಿ ಹತ್ತಿಕೊಳ್ಳುತ್ತದೆ). ಅದನ್ನು ಈ ಟರ್ಬೊಗೆ ಹಾಕಲೇಬೇಡಿ. ಕನಿಷ್ಠ 87, ಟ್ರೇಲರ್ ಎಳೆಯುವ ದಿನ ಪ್ರೀಮಿಯಂ. ಮೂವತ್ತು ಸೆಂಟ್ ಉಳಿಸೋಕೆ ಹೋಗಿ ಪಿಸ್ಟನ್ ಸುಟ್ಟುಕೊಳ್ಳೋದು ಯಾವ ಜಾಣತನ?

ಹತ್ತೋದು ಆಯಿತು. ನನಗೆ ಭಯ ಇರೋದು ಇಳಿಯೋದರಲ್ಲಿ.

ಶಿರಾಡಿ, ಚಾರ್ಮಾಡಿ ಓಡಿಸಿದ ಲಾರಿ ಡ್ರೈವರುಗಳು ಹೇಳುವ ಮಾತಿದೆ: ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವ ಎಂಟು ಮೈಲಿಯಲ್ಲಿ ಬ್ರೇಕ್ ಸುಟ್ಟ ಲಾರಿಗಳು ನುಗ್ಗೋಕೆ ಅಂತಲೇ ಮರಳು ಜಲ್ಲಿಯ ದಾರಿ ಮಾಡಿಟ್ಟಿದ್ದಾರೆ. ಅಂಥ ಕಡೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಈ ವಿಷಯದಲ್ಲಿ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ ಸ್ವಲ್ಪ ಹಿಂದೆ, ದೊಡ್ಡ ವಿ8 ಅದಕ್ಕಿಂತ ಮೇಲು, ಎಕ್ಸಾಸ್ಟ್ ಬ್ರೇಕ್ (ಹೊಗೆಯನ್ನು ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ಏರ್ಪಾಡು) ಇರುವ ಡೀಸೆಲ್‌ಗೆ ಸಾಟಿಯಿಲ್ಲ. ಯಾವುದೇ ತಗೊಂಡರೂ ಟೋ-ಹಾಲ್ ಗುಂಡಿ (ಭಾರ ಎಳೆಯುವಾಗ ಗೇರುಗಳನ್ನು ಅದಕ್ಕೆ ಹೊಂದಿಸುವಂಥದ್ದು) ಒತ್ತಿ, ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ.

ಡೀಸೆಲ್ ಗೆಳೆಯರ ಮಾತಿಗೂ ಉತ್ತರ ಕೊಡಬೇಕಲ್ಲ. ಇಷ್ಟು ಭಾರಕ್ಕೆ ಅವರು ಹೇಳುವ ಡೀಸೆಲ್ ಬರೋದು ಮೇಲಿನ ದರ್ಜೆಯ ಟ್ರಕ್‌ಗಳಲ್ಲಿ: ಎಫ್-250, ರಾಮ್ 2500, ಶೆವಿ (ಶೆವ್ರೊಲೆ) 2500. ತ್ರೀ ಕ್ವಾರ್ಟರ್ ಟನ್ ಅಂತ ಕರೀತಾರೆ. ಹಳೇ ಕಾಲದ ಹೆಸರು, ಈಗ ಮುಕ್ಕಾಲು ಟನ್‌ಗಿಂತ ಎಷ್ಟೋ ಜಾಸ್ತಿ ಹೊರುತ್ತವೆ. ಫೋರ್ಡಿನ 6.7 ಡೀಸೆಲ್ 475 ಹಾರ್ಸ್‌ಪವರ್, 1,050 ಪೌಂಡ್-ಅಡಿ. ನಿಮ್ಮ ಟ್ರೇಲರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸುರಂಗಕ್ಕೆ ಹತ್ತುವಾಗ ಪಕ್ಕದವರ ಜೊತೆ ಪಿಸುಮಾತಲ್ಲಿ ಹರಟಬಹುದು.

ಆದರೆ ನೀವು ಬರೆದ ಒಂದು ಸಾಲು ನನ್ನನ್ನು ತಡೆಯಿತು: ಉಳಿದ ದಿನ ನಾಲ್ಕೈದು ಮೈಲಿ ಒಳಗೇ ಓಡಾಟ. ಡೀಸೆಲ್‌ಗೆ ಇದು ವಿಷ. ಇಂದಿನ ಡೀಸೆಲ್‌ಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿ ಸುಟ್ಟು ಖಾಲಿಯಾಗಬೇಕಾದರೆ ಗಾಡಿ ಚೆನ್ನಾಗಿ ಕಾದು, ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಬೇಕು. ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ, ಅದೂ ಜನವರಿಯ ಚಳಿಯಲ್ಲಿ, ಎಂಜಿನ್ ಬೆಚ್ಚಗೂ ಆಗಿರೋದಿಲ್ಲ. ಮಸಿ ಕಟ್ಟುತ್ತದೆ, ಸೆನ್ಸರುಗಳು ಒಂದೊಂದಾಗಿ ತಕರಾರು ತೆಗೆಯುತ್ತವೆ. ಖರೀದಿಯಲ್ಲೇ ಸುಮಾರು 10,000 ಡಾಲರ್ ಹೆಚ್ಚು. ಎಣ್ಣೆ ಬದಲಾಯಿಸೋಕೆ ಹೋದರೆ 13 ಕ್ವಾರ್ಟ್ ಬೇಕು. ಮೇಲೆ ಹೊಗೆ ಶುದ್ಧಿ ಮಾಡುವ ಡಿಇಎಫ್ ದ್ರಾವಣ ತುಂಬಿಸುತ್ತಾ ಇರಬೇಕು. ಇಂಧನದ ಹೈ ಪ್ರೆಶರ್ ಪಂಪ್ ಕೆಟ್ಟು ಲೋಹದ ಚೂರು ಇಂಜೆಕ್ಟರ್‌ವರೆಗೂ ಹೋಯಿತೋ, ಬಿಲ್ಲು ನೋಡಿ ನೀರು ಕುಡಿಯಬೇಕಾಗುತ್ತದೆ. ಟ್ರೇಲರ್ ಎಳೆಯುವಾಗ ಗ್ಯಾಲನ್‌ಗೆ 10ರಿಂದ 13 ಮೈಲಿ ಕೊಡುತ್ತದೆ ನಿಜ, ಪೆಟ್ರೋಲು 8ರಿಂದ 10. ವರ್ಷಕ್ಕೆ ಆರೇಳು ಟ್ರಿಪ್ಪಿನಲ್ಲಿ ಈ ವ್ಯತ್ಯಾಸದಿಂದ 10,000 ಡಾಲರ್ ವಾಪಸ್ ಬರುವಷ್ಟರಲ್ಲಿ ನಿಮ್ಮ ಮಗ ಕಾಲೇಜು ಮುಗಿಸಿರುತ್ತಾನೆ.

ಇನ್ನೊಂದು ತಮಾಷೆ. ಡೀಸೆಲ್ ಎಂಜಿನ್ ತಾನೇ ನೂರಾರು ಪೌಂಡ್ ಹೆಚ್ಚು ಭಾರ. ಒಟ್ಟು ಮಿತಿ 10,000 ಪೌಂಡ್ ಅಂತ ಬರೆದಿರುವ ಟ್ರಕ್ಕಿನಲ್ಲಿ ಆ ಭಾರ ಪೇಲೋಡಿನಿಂದಲೇ ಕಳೆಯುತ್ತದೆ. ಹಾಗಾಗಿ ಸಿಂಗಾರದ ಡೀಸೆಲ್ 2500ರ ಬಾಗಿಲಲ್ಲಿ 2,100 ಅಂತ ನೋಡಿ ತಲೆ ಕೆರೆದುಕೊಂಡವರಿದ್ದಾರೆ. ನಿಮ್ಮ ಲೆಕ್ಕ 2,150!

ಹಾಗಾದರೆ ನಾನು ಏನು ಹೇಳುತ್ತೇನೆ? ಅಪ್ಪ ಅಮ್ಮ ಬರೋದು, ಆ 31 ಅಡಿ ಟ್ರೇಲರ್ರೇ ಬೇಕು ಅನ್ನೋದು, ಎರಡೂ ಖಚಿತವಾದರೆ ಎಫ್-150 ಮರೆತುಬಿಡಿ, ಎಂಜಿನ್ ಯಾವುದೇ ಇರಲಿ. ಮೇಲಿನ ದರ್ಜೆಯ ಪೆಟ್ರೋಲ್ ಟ್ರಕ್ ತಗೊಳ್ಳಿ. ಫೋರ್ಡಿನ 7.3 ವಿ8 430 ಹಾರ್ಸ್‌ಪವರ್, ಶೆವಿಯ 6.6 ವಿ8 401. ಎರಡೂ ಹಳೇ ಕಾಲದ ಸರಳ ಗಟ್ಟಿ ಎಂಜಿನ್‌ಗಳು, ಟರ್ಬೊ ಇಲ್ಲ. ಸಾಧಾರಣ ಟ್ರಿಮ್ (ಸೌಕರ್ಯದ ದರ್ಜೆ) ಆರಿಸಿದರೆ ಬಾಗಿಲ ಚೀಟಿಯಲ್ಲಿ 3,000ದ ಆಸುಪಾಸು ಸಿಗುತ್ತದೆ. ಫೋರ್ಡಾದರೆ ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ ಎಷ್ಟು ಸುತ್ತು ಅನ್ನೋದು) 4.30 ಇರೋದನ್ನು ಹುಡುಕಿ. ತೆಳು ಗಾಳಿಯಲ್ಲಿ ಇವೂ ಸೊರಗುತ್ತವೆ, ಸುರಂಗದ ಹತ್ತಿರ ವೇಗ ಇಳಿಯುತ್ತದೆ. ಇಳಿಯಲಿ ಬಿಡಿ. ಸಿಲ್ವರ್‌ಥಾರ್ನ್‌ನಿಂದ ಸುರಂಗಕ್ಕೆ ಎಂಟು ಮೈಲಿ. 60ರಲ್ಲಿ ಎಂಟು ನಿಮಿಷ, 45ರಲ್ಲಿ ಹನ್ನೊಂದು ನಿಮಿಷಕ್ಕೂ ಕಡಿಮೆ. ಬಲಗಡೆ ಲೇನ್ ಹಿಡಿದು ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಾ ಹೋದರೆ ನೀವು ಕಳೆದುಕೊಳ್ಳೋದು ಮೂರು ನಿಮಿಷವೂ ಅಲ್ಲ. ಇದರ ದೋಷ ಅಂದರೆ ಖಾಲಿ ಓಡುವಾಗ ಕುಲುಕಾಟ, ಮತ್ತೆ ಪೆಟ್ರೋಲ್ ಹಸಿವು. ಗ್ಯಾರೇಜಿನ ಉದ್ದವನ್ನೂ ಮೊದಲೇ ಅಳೆದುಕೊಳ್ಳಿ.

ಇಲ್ಲಾ, ದಿನವೂ ಓಡಿಸೋಕೆ ಎಫ್-150 ತರಹದ್ದೇ ಬೇಕು ಅನ್ನೋದಾದರೆ ಟ್ರೇಲರ್ ಬದಲಾಯಿಸಿ. ತುಂಬಿದ ತೂಕ 6,000 ಪೌಂಡ್ ಒಳಗಿನ, 25, 26 ಅಡಿಯದ್ದು. ಹಿಚ್ ಮೇಲೆ 800 ಬೀಳುತ್ತದೆ. ಹಿಚ್ ಸಾಮಾನು, ನೀವು ನಾಲ್ವರು, ಸ್ವಲ್ಪ ಸಾಮಾನು ಸೇರಿದರೆ 1,500ರ ಒಳಗೆ ಮುಗಿಯುತ್ತದೆ. ಅಪ್ಪ ಅಮ್ಮ ಬಂದಾಗ ಅವರನ್ನು ಇನ್ನೊಂದು ಕಾರಿನಲ್ಲಿ ನಿಮ್ಮಾಕೆ ಕರೆದುಕೊಂಡು ಬರಲಿ. ಆಗ ಎಂಜಿನ್ 3.5 ಟರ್ಬೊ, ಕೊಲರಾಡೋದಲ್ಲಿ ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ವಿ8 ಕೆಟ್ಟದ್ದಲ್ಲ. ಇದೇ ಪ್ರಶ್ನೆ ಹ್ಯೂಸ್ಟನ್‌ನಿಂದ ಬಂದಿದ್ದರೆ ಯಾವುದಾದರೂ ತಗೊಳ್ಳಿ ಅನ್ನುತ್ತಿದ್ದೆ. ರಾಮ್‌ನ 3.0 ಟರ್ಬೊ ಸಿಕ್ಸ್ ಕೂಡ ಇದೇ ಜಾತಿಯದ್ದು, 420 ಹಾರ್ಸ್‌ಪವರ್. ಶೆವಿಯ ಪುಟ್ಟ 3.0 ಡೀಸೆಲ್ ಓಡಿಸೋಕೆ ಹಿತ, ಆದರೆ 305 ಹಾರ್ಸ್‌ಪವರ್ರು ಮತ್ತೆ ನಿಮ್ಮ ನಾಲ್ಕು ಮೈಲಿ ಓಡಾಟ ನೋಡಿ ಬೇಡ ಅನ್ನುತ್ತೇನೆ. ಎಲೆಕ್ಟ್ರಿಕ್ ಟ್ರಕ್ ದೊಡ್ಡ ಟ್ರೇಲರ್ ಕಟ್ಟಿದರೆ ಅರ್ಧ ದೂರಕ್ಕೇ ಚಾರ್ಜ್ ಮುಗಿಸುತ್ತದೆ, ಯೆಲ್ಲೋಸ್ಟೋನ್‌ಗೆ ಅದು ಸದ್ಯಕ್ಕೆ ಬೇಡ.

ಯಾವುದೇ ಎಂಜಿನ್ ಇರಲಿ, ವೇಗ 65 ದಾಟಿಸಬೇಡಿ. ಟ್ರೇಲರ್ ಅಂದರೆ ಎಂಟು ಅಡಿ ಅಗಲದ ಗೋಡೆಯನ್ನು ಗಾಳಿಗೆ ಎದುರು ಹಿಡಿದ ಹಾಗೆ. 65ರಿಂದ 75ಕ್ಕೆ ಏರಿಸಿದರೆ ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ಒಂದೂವರೆ ಪಟ್ಟು ಆಗುತ್ತದೆ. ಟ್ರೇಲರ್ ಟೈರುಗಳಲ್ಲಿ ಎಷ್ಟೋ 65ಕ್ಕೇ ಮಾಡಿದವು, ಪಕ್ಕದಲ್ಲಿ ವೇಗದ ಮಿತಿ ಬರೆದಿದೆಯಾ ಅಂತ ಬಗ್ಗಿ ನೋಡಿ.

ದುಡ್ಡು ಕೊಡುವ ಮುಂಚೆ ಬಾಗಿಲ ಚೀಟಿಯ ಫೋಟೋ ತೆಗೆದುಕೊಳ್ಳಿ. ಎಫ್-150 ಆದರೆ 36 ಗ್ಯಾಲನ್ ಟ್ಯಾಂಕ್ ಇರೋದನ್ನು ಕೇಳಿ. ಗ್ಯಾಲನ್‌ಗೆ 9 ಮೈಲಿ ಲೆಕ್ಕದಲ್ಲಿ 320 ಮೈಲಿ ಹೋಗಬಹುದು, ಸಣ್ಣ ಟ್ಯಾಂಕ್ ಆದರೆ 200ಕ್ಕೆಲ್ಲಾ ಬಂಕ್ ಹುಡುಕಬೇಕು. ಟ್ರೇಲರ್ ಬ್ರೇಕ್ ಕಂಟ್ರೋಲರ್ ಗಾಡಿಯಲ್ಲೇ ಕೂರಿಸಿ ಬಂದಿರಲಿ. ಟ್ರೇಲರ್ ಮನೆಗೆ ಬಂದ ಮೊದಲ ವಾರ ಎಲ್ಲಾ ತುಂಬಿ, ಎಲ್ಲರನ್ನೂ ಕೂರಿಸಿಕೊಂಡು ತೂಕದ ಕಟ್ಟೆಗೆ ಹೋಗಿ. ಹದಿನೈದು ಡಾಲರ್ ಆಸುಪಾಸು ಖರ್ಚು, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರೂ ಬೇರೆ ಬೇರೆ ಬರೆದು ಕೊಡುತ್ತಾರೆ. ಮತ್ತೆ ಆಚೆಗೆ ಎಳೆದುಕೊಳ್ಳುವ ಉದ್ದ ಕನ್ನಡಿಗಳು. ಅವಿಲ್ಲದ ಟ್ರಕ್ ಅಗ್ಗಕ್ಕೆ ಸಿಗುತ್ತೆ ಅಂತ ಒಪ್ಪಿಕೊಳ್ಳಬೇಡಿ. ಮಾಮೂಲಿ ಕನ್ನಡಿಯಲ್ಲಿ ನಿಮಗೆ ಕಾಣೋದು ನಿಮ್ಮದೇ ಟ್ರೇಲರ್‌ನ ಗೋಡೆ ಅಷ್ಟೇ.